ಚಿಕ್ಕ ಪೆಟ್ಟಿಗೆಗೆ ಹಿಡಿಸದ ಹಾಡು

ಪರದೆಯ ಮೇಲೆ ಕೆಂಪು ಪಟ್ಟಿ ಬಂತು. ಪೆಟ್ಟಿಗೆ ತುಂಬಿದೆ, ಇನ್ನು ಆಗುವುದಿಲ್ಲ ಎಂದು ಅದರ ಅರ್ಥ.

ಫೈಲು ಮುಚ್ಚಿ ಮತ್ತೆ ತೆರೆದೆ. ಮತ್ತೆ ಅದೇ ಕೆಂಪು.

"ಏನು ಹೇಳ್ತಿದೆ ಅದು?" ಎಂದು ಬೆನ್ನ ಹಿಂದಿನಿಂದ ಸುನ್‌ಡಕ್ ಕೇಳಿದಳು.

"ಆಗಲ್ಲ ಅಂತಿದೆ."

ಅವಳು ತಮ್ಮನ ಹಾಸಿಗೆಯ ಮೇಲೆ ಬಿದ್ದಿದ್ದ ಟವೆಲನ್ನು ಎತ್ತಿ ಮಡಚಿದಳು. ಮಡಚಿದ್ದನ್ನು ಬಿಚ್ಚಿ ಇನ್ನೊಮ್ಮೆ ಮಡಚಿದಳು.

ಆ ತಮ್ಮ ಮ್ಯೊಂಗ್‌ಜಿನ್‌ನ ಕೋಣೆ ಎಂದರೆ ಇಷ್ಟೇ: ಒಂದು ಹಾಸಿಗೆ, ಒಂದು ಮೇಜು, ಎರಡು ಸ್ಪೀಕರು, ಗೋಡೆಗೆ ಅಂಟಿಸಿದ ಬೂದು ಸ್ಪಂಜು. ಮೇಜಿನ ಮೇಲೆ ಅಂಗೈಯಗಲದ ಒಂದು ಕಪ್ಪು ಪೆಟ್ಟಿಗೆ. ಹಾಡಿನ ದನಿಯನ್ನು ದಪ್ಪ ಮಾಡುವ, ಮೆತ್ತಗೆ ಮಾಡುವ, ದೊಡ್ಡ ಸಭಾಂಗಣದಲ್ಲಿ ಹಾಡಿದ ಹಾಗೆ ಕೇಳಿಸುವ ಪ್ಲಗಿನ್‌ಗಳನ್ನು ಅವನು ಬಳಸುತ್ತಿದ್ದ. ಅವು ಕಂಪ್ಯೂಟರಿನಲ್ಲಿ ಓಡುವಂಥವಲ್ಲ. ಈ ಪೆಟ್ಟಿಗೆಯ ಚಿಪ್‌ನಲ್ಲಿ ಓಡುವಂಥವು. ಪೆಟ್ಟಿಗೆ ಕಿತ್ತರೆ ಪ್ಲಗಿನ್ ಇಲ್ಲ. ಚಿಪ್ ತುಂಬಿದರೂ ಇಲ್ಲ. ಇವನದು ಎರಡು ಚಿಪ್‌ನ ಚಿಕ್ಕ ಪೆಟ್ಟಿಗೆ. ಹಾಡು ತಯಾರಿಸುವ ತಾಕ್ ಗ್ಯೊಂಗ್‌ಹೊನ ಸ್ಟುಡಿಯೋದಲ್ಲಿ ಇರುವುದು ಎಂಟು ಚಿಪ್‌ನ ದೊಡ್ಡದು.

ಆ ತಾಕ್ ಕಳೆದ ಶುಕ್ರವಾರ ಮಧ್ಯಾಹ್ನ ಯೊನ್ನಮ್ ಬಡಾವಣೆಯಲ್ಲಿ, ತನ್ನ ನೆಲಮಾಳಿಗೆ ಸ್ಟುಡಿಯೋದ ಮೆಟ್ಟಿಲ ಬುಡದಲ್ಲಿ ತಲೆ ಒಡೆದು ಸತ್ತು ಬಿದ್ದಿದ್ದ. ಅಂಗಿಯ ಗುಂಡಿಗಳು ಕಿತ್ತುಹೋಗಿದ್ದವು. ತಳ್ಳಿ ಕೊಂದದ್ದು ಎಂದರು ಪೊಲೀಸರು. ಅವನ ಹಾಡುಗಳ ದನಿ, ವಾದ್ಯಗಳನ್ನು ಹದವಾಗಿ ಬೆರೆಸಿ ಮಿಕ್ಸ್ ಮಾಡುತ್ತಿದ್ದ ಮ್ಯೊಂಗ್‌ಜಿನ್‌ನನ್ನು ಹಿಡಿದರು. ಮಧ್ಯಾಹ್ನವಿಡೀ ಮಾಂಗ್ವೊನ್ ಬಡಾವಣೆಯ ಈ ಕೋಣೆಯಲ್ಲೇ ಇದ್ದೆ, ಇದೇ ಚಿಕ್ಕ ಪೆಟ್ಟಿಗೆಯಲ್ಲಿ ಹಾಡು ಮುಗಿಸಿ, ಸ್ಟುಡಿಯೋದವರೂ ತೆರೆಯಬಹುದಾದ ಹಂಚಿಕೆಯ ಫೋಲ್ಡರಿಗೆ ಹಾಕಿದೆ ಎಂದು ಅವನ ಹೇಳಿಕೆ.

ಪೊಲೀಸರ ತಜ್ಞ ಆ ಫೈಲು ತೆರೆದು, ಚಾಲೂ ಇದ್ದ ಪ್ಲಗಿನ್‌ಗಳನ್ನು ಎಣಿಸಿದ. ಚಿಕ್ಕ ಪೆಟ್ಟಿಗೆ ಹೊರುವುದಕ್ಕಿಂತ ಮೂರು ಪಟ್ಟು. ಫೈಲು ಕೊನೆಯದಾಗಿ ಸೇವ್ ಆದದ್ದು ತಾಕ್ ಸತ್ತ ಹೊತ್ತಿಗೆ. ಅಂದರೆ ಸೇವ್ ಮಾಡಿದವನು ದೊಡ್ಡ ಪೆಟ್ಟಿಗೆಯ ಮುಂದೆ ಕೂತಿದ್ದ. ಅಂದರೆ ಮ್ಯೊಂಗ್‌ಜಿನ್ ಸ್ಟುಡಿಯೋದಲ್ಲಿದ್ದ.

ಫೈಲನ್ನು ಈ ಪೆಟ್ಟಿಗೆಯಲ್ಲೇ ತೆರೆದು ತೋರಿಸೋಣ, ಅಲ್ಲಿಗೆ ಅವರ ವಾದ ಬಿತ್ತು ಎಂದು ಸುನ್‌ಡಕ್‌ಗೆ ಹೇಳಿದವಳು ನಾನು, ಅವಳು ಗೊತ್ತುಮಾಡಿದ್ದ ಪತ್ತೇದಾರಳು. ವಕೀಲ ಗುಕ್ ಕಾಡಿಬೇಡಿ ನಕಲು ತಂದುಕೊಟ್ಟಿದ್ದ. ಮ್ಯೊಂಗ್‌ಜಿನ್‌ನ ಕಂಪ್ಯೂಟರನ್ನು ಪೊಲೀಸರು ಒಯ್ದಿದ್ದರಿಂದ ನಾನೊಂದು ಲ್ಯಾಪ್‌ಟಾಪ್ ಬಾಡಿಗೆಗೆ ತಂದಿದ್ದೆ. ಇವತ್ತು ಮಧ್ಯಾಹ್ನ ಅವನು ಜಡ್ಜ್ ಮುಂದೆ ನಿಲ್ಲುತ್ತಾನೆ. ಒಳಗೆ ಹಾಕಿ ಎಂದು ಜಡ್ಜ್ ಹೇಳಿದರೆ ಅಲ್ಲಿಗೆ ಮುಗಿಯಿತು. ಕೊಲೆ ಕೇಸಿನಲ್ಲಿ ಒಳಗೆ ಹೋದವರು ತೀರ್ಪಿಗೆ ಮೊದಲು ಹೊರಗೆ ಬಂದದ್ದನ್ನು ಪೊಲೀಸ್ ಕೆಲಸದಲ್ಲಿದ್ದ ಕಾಲದಲ್ಲೂ ನಾನು ನೋಡಿಲ್ಲ.

ಏನಾದರೂ ಕಾಣಬಹುದೇ ಎಂದು ಫೈಲಿನ ಮೇಲೆ ಕೆಳಗೆ ಹುಡುಕಿದೆ. ಪೊಲೀಸರು ಬಿಟ್ಟುಹೋಗಿದ್ದ ಮ್ಯೊಂಗ್‌ಜಿನ್‌ನ ಮೌಸ್ ಎಡಗಡೆ ಇತ್ತು, ಕೈ ಬಗ್ಗಲಿಲ್ಲ. ಬಲಗಡೆಗೆ ಎಳೆದಿಟ್ಟುಕೊಂಡೆ.

"ಅವನು ಎಡಚ," ಎಂದಳು ಸುನ್‌ಡಕ್. "ಮನೇಲಿ ಅವನೊಬ್ಬನೇ. ಅಪ್ಪ ಎಷ್ಟು ಬಡಿದ್ರೂ ಕೈ ಬದಲಾಗಲಿಲ್ಲ."

ದನಿಗೊಂದು, ಒಂದೊಂದು ವಾದ್ಯಕ್ಕೊಂದು ಎಂದಿದ್ದ ಪ್ರತಿ ಟ್ರ್ಯಾಕಿನ ಕೆಳಗೆ ಅದೇ ಹೆಸರಿನ ಇನ್ನೊಂದು ಟ್ರ್ಯಾಕು ಇತ್ತು. ಪೊಲೀಸರ ವರದಿ ಅವನ್ನು ಹೆಚ್ಚುವರಿ ನಕಲು ಎಂದಿತ್ತು. ಸುಮ್ಮನೆ ಹಾಡು ಬಿಟ್ಟೆ. ಪೆಟ್ಟಿಗೆ ಹೊತ್ತಷ್ಟನ್ನು ನುಡಿಸಿತು. ಹಾಡಿದವಳು ಒಬ್ಬಳೇ, ಆದರೆ ಒಂದೇ ಬಾಗಿಲಲ್ಲಿ ಇಬ್ಬರು ಒಟ್ಟಿಗೆ ನುಗ್ಗಿದ ಹಾಗೆ ದನಿ ಕೇಳಿಸಿತು. ಡ್ರಮ್ಮೂ ಹಾಗೆಯೇ, ಎರಡೆರಡು. ಪೆಟ್ಟಿಗೆ ತಡೆಯಲಾರದೆ ಹೀಗೆ ಆಗಿರಬೇಕು ಎಂದುಕೊಂಡು ಫೋನಿನಲ್ಲಿ ಸ್ವಲ್ಪ ರೆಕಾರ್ಡ್ ಮಾಡಿಕೊಂಡೆ.

ಗುಕ್‌ಗೆ ಫೋನ್ ಮಾಡಿದೆ. ಅವನು ಆ ಪೆಟ್ಟಿಗೆಯನ್ನು ಕೋರ್ಟಿನ ಹತ್ತಿರ ತರಲೇಬೇಡಿ ಎಂದ. ಪೊಲೀಸರ ವಾದವನ್ನು ನಾವೇ ಸಾಬೀತು ಮಾಡಿ ಕೊಟ್ಟ ಹಾಗಾಗುತ್ತದೆ.

ಸುನ್‌ಡಕ್ ಟವೆಲ್ ಬಿಟ್ಟು ನನ್ನ ಚೀಲಕ್ಕೆ ಕೈ ಹಾಕಿದಳು. ಮಾಂಗ್ವೊನ್ ಮಾರುಕಟ್ಟೆಯಲ್ಲಿ ಅವಳದು ಅನ್ನಕ್ಕೆ ನೆಂಚಿಕೊಳ್ಳುವ ಪದಾರ್ಥಗಳ ಅಂಗಡಿ. ಯಾರನ್ನೂ ಬರಿಗೈಯಲ್ಲಿ ಕಳಿಸುವವಳಲ್ಲ. ವಾರಕ್ಕೊಮ್ಮೆ ತಾಕ್‌ನ ಸ್ಟುಡಿಯೋಗೂ ಡಬ್ಬಿ ಮುಟ್ಟಿಸುತ್ತಿದ್ದಳು. ಆ ವಾರ ಮಂಗಳವಾರ ಕೊಟ್ಟು ಬಂದೆ, ಆಮೇಲೆ ಅತ್ತ ತಲೆ ಹಾಕಿಲ್ಲ ಎಂದು ಮೊದಲ ದಿನವೇ ನನಗೆ ಹೇಳಿದ್ದಳು.

"ತಾವರೆ ಬೇರು. ದಾರೀಲಿ ತಿನ್ನಿ," ಎಂದು ಡಬ್ಬಿಯನ್ನು ಚೀಲಕ್ಕೆ ತುರುಕಿದಳು.

"ಹಸಿವಿಲ್ಲ ಅಕ್ಕ."

"ನಿಮ್ಮ ಹಸಿವು ಯಾರು ಕೇಳಿದ್ರು? ಖಾಲಿ ಹೊಟ್ಟೇಲಿ ತಲೆ ಓಡಲ್ಲ. ನಿಮ್ಮ ತಲೆ ಓಡದಿದ್ರೆ ನನ್ನ ತಮ್ಮ ಹೋದ."

ಅವಳು ಕೋರ್ಟಿಗೆ ಹೊರಟಳು. ನಾನು ಮೆಟ್ರೋ ಹಿಡಿದೆ.

*

ಕೇಳಲು ಇನ್ನು ಉಳಿದಿದ್ದವನು ಒಬ್ಬನೇ. ಬೊಂಗ್ ಜೆಸೊಪ್. ನಾಗ್ವೊನ್‌ನ ವಾದ್ಯದ ಮಾರುಕಟ್ಟೆಯಲ್ಲಿ ಅವನ ಅಂಗಡಿ. ತಾಕ್‌ನ ಸ್ಟುಡಿಯೋದಲ್ಲಿ ಪಾಲುದಾರ. ಚಿಕ್ಕ ಪೆಟ್ಟಿಗೆ, ದೊಡ್ಡ ಪೆಟ್ಟಿಗೆ, ಎರಡನ್ನೂ ನೋಡಿ ಕೊಡಿಸಿದವನು ಅವನೇ. ಶುಕ್ರವಾರ ಅಂಗಡಿ ಬಿಟ್ಟು ಕದಲಿಲ್ಲ, ಆ ವಾರ ಸ್ಟುಡಿಯೋಗೆ ಹೋಗೇ ಇಲ್ಲ ಎಂದು ಪೊಲೀಸರಿಗೆ ಹೇಳಿದ್ದ. ಸ್ಟುಡಿಯೋದ ಹಿಂಬಾಗಿಲು ಗಲ್ಲಿಯ ಕ್ಯಾಮೆರಾಕ್ಕೆ ಕಾಣುವುದಿಲ್ಲವಾದ್ದರಿಂದ ಆ ಮಾತನ್ನು ಯಾರೂ ತೂಗಿ ನೋಡಿರಲಿಲ್ಲ.

ಪತ್ತೇದಾರಳು ಎಂದು ಹೇಳಿದರೆ ಬಾಯಿ ಮುಚ್ಚುತ್ತಾನೆ. ಗಿರಾಕಿಯಾಗಿ ಹೋದೆ.

"ಬನ್ನಿ ಅಕ್ಕಾ, ಕೂತ್ಕೊಳ್ಳಿ," ಎಂದು ಕಾಗದದ ಲೋಟದಲ್ಲಿ ಕಾಫಿ ಕಲಸಿ ಕೊಟ್ಟ. ನಲವತ್ತು ದಾಟಿದವನು, ಹಿಂದಕ್ಕೆ ಕಟ್ಟಿದ ಕೂದಲು. ಎದುರಂಗಡಿಯಲ್ಲಿ ಯಾರೋ ಗಿಟಾರ್ ಪರೀಕ್ಷೆ ಮಾಡುತ್ತ ಒಂದೇ ತುಣುಕನ್ನು ತಪ್ಪು ತಪ್ಪಾಗಿ ನುಡಿಸುತ್ತಿದ್ದರು. "ಬೆಳಿಗ್ಗೆಯಿಂದ ಇದೇ ಗೋಳು. ಆ ಹುಡುಗ ಅದನ್ನ ಕೊಂಡ್ಕೊಂಡು ಹೋದ್ರೆ ಇಡೀ ಮಹಡಿ ಅವನಿಗೆ ಊಟ ಹಾಕುತ್ತೆ."

ಅಕ್ಕನ ಮಗ ಮಿಕ್ಸ್ ಕಲಿಯುತ್ತಿದ್ದಾನೆ, ಯಾವ ಪೆಟ್ಟಿಗೆ ಕೊಡಿಸಲಿ ಎಂದು ಕೇಳಿದೆ. ಬೊಂಗ್ ಎರಡನ್ನೂ ತಂದು ಗಾಜಿನ ಮೇಲೆ ಅಕ್ಕಪಕ್ಕ ಇಟ್ಟ. ದೊಡ್ಡದು ಇಟ್ಟಿಗೆಯ ಹಾಗಿತ್ತು.

"ಹುಡುಗ ಸೋಮಾರಿನಾ?"

"ಅದಕ್ಕೂ ಇದಕ್ಕೂ ಏನು?"

"ಎಲ್ಲಾ ಅದೇ. ದೊಡ್ಡದು ಮನಸ್ಸು ಗಟ್ಟಿ ಇಲ್ಲದವರಿಗೆ, ನನ್ನಂಥವರಿಗೆ. ಎಲ್ಲಾ ಪ್ಲಗಿನ್ ಹಾಕಿ ಬಿಟ್ಟಿರು. ಇವತ್ತು ಬೇಡ ಅನ್ಸಿದ್ದು ನಾಳೆ ಬೇಕು ಅನ್ಸಿದ್ರೆ ತಿರುಗಿಸ್ಕೋ. ಅದು ಹೊತ್ಕೊಂಡು ನಿಂತಿರುತ್ತೆ."

"ಚಿಕ್ಕದರಲ್ಲಿ ಇಡೀ ಹಾಡು ಆಗುತ್ತಾ?"

ಬೆಳಿಗ್ಗೆಯಿಂದ ನನ್ನ ಬಳಿ ಇದ್ದದ್ದು ಈ ಒಂದೇ ಪ್ರಶ್ನೆ.

"ಯಾಕಾಗಲ್ಲ?" ಎಂದ ಬೊಂಗ್. "ಪ್ರಿಂಟ್ ಮಾಡ್ಕೋಬೇಕು ಅಷ್ಟೆ."

ಅವನು ಬಿಡಿಸಿ ಹೇಳಿದ. ಚಿಕ್ಕ ಪೆಟ್ಟಿಗೆಯವನು ಎಲ್ಲವನ್ನೂ ಒಟ್ಟಿಗೆ ಓಡಿಸಲಾರ. ಮೊದಲು ದನಿಗೆ ಪ್ಲಗಿನ್ ಹಾಕುತ್ತಾನೆ, ಬೇಕಾದ ಹಾಗೆ ಕೂರಿಸುತ್ತಾನೆ, ಬಂದದ್ದನ್ನು ಹೊಸ ಟ್ರ್ಯಾಕಿಗೆ ಅಚ್ಚೊತ್ತಿಕೊಳ್ಳುತ್ತಾನೆ. ಮೂಲವನ್ನೂ ಅದರ ಪ್ಲಗಿನ್‌ಗಳನ್ನೂ ದೀಪದ ಹಾಗೆ ಆರಿಸಿಡುತ್ತಾನೆ. ಪೆಟ್ಟಿಗೆ ಖಾಲಿಯಾಯಿತು. ಆಮೇಲೆ ಡ್ರಮ್ಮು. ಆಮೇಲೆ ಗಿಟಾರು. ಒಂದೊಂದಾಗಿ.

"ಆರಿಸಿದ್ದನ್ನ ಅಳಿಸಿ ಹಾಕ್ತಾರಾ?"

"ಅಯ್ಯೋ, ಇಲ್ಲ. ಪ್ರೊಡ್ಯೂಸರ್ ಅನ್ನೋ ಪ್ರಾಣಿ ಕೊನೇ ಘಳಿಗೇಲಿ ಬಂದು ದನಿ ಸ್ವಲ್ಪ ಮುಂದೆ ಬರ್ಲಿ ಅಂತಾನೆ. ಆಗ ವಾಪಸ್ ಹೋಗ್ಬೇಕಲ್ಲ? ಎಲ್ಲಾ ಅಲ್ಲೇ ಇರುತ್ತೆ, ಬಾಯಿ ಮುಚ್ಕೊಂಡು."

ಪ್ರತಿ ಟ್ರ್ಯಾಕಿನ ಕೆಳಗೆ ಅದೇ ಹೆಸರಿನ ಇನ್ನೊಂದು ಟ್ರ್ಯಾಕು. ಅವು ನಕಲಲ್ಲ. ಅವೇ ಪ್ರಿಂಟ್. ಮೇಲಿನವು ಆರಿಸಿಟ್ಟ ಮೂಲ.

ಮ್ಯೊಂಗ್‌ಜಿನ್ ಸುಳ್ಳು ಹೇಳಿರಲಿಲ್ಲ. ಅವನ ಚಿಕ್ಕ ಪೆಟ್ಟಿಗೆಯಲ್ಲೇ ಹಾಡು ಮುಗಿದಿತ್ತು. ಆದರೆ ನನ್ನ ಬಳಿ ಇದ್ದ ಫೈಲಿನಲ್ಲಿ ಯಾವುದೂ ಆರಿರಲಿಲ್ಲ. ಎಲ್ಲವೂ ಚಾಲೂ ಇತ್ತು.

"ಆರಿಸಿದ್ದನ್ನೆಲ್ಲ ಯಾರಾದ್ರೂ ವಾಪಸ್ ಹಾಕಿದ್ರೆ?"

"ಚಿಕ್ಕದು ಕೆಂಪಾಗುತ್ತೆ. ದೊಡ್ಡದಾದ್ರೆ..." ಬೊಂಗ್ ಅಲ್ಲಿಗೆ ನಿಲ್ಲಿಸಿದ. ಕಾಫಿ ಲೋಟವನ್ನು ಕೆಳಗಿಟ್ಟ. "ನಿಮ್ಮ ಅಕ್ಕನ ಮಗ ಇಷ್ಟೆಲ್ಲ ಕೇಳ್ಕೊಂಡು ಬಾ ಅಂದ್ನಾ?"

ಫೋನ್ ತೆಗೆದು ಬೆಳಿಗ್ಗೆ ರೆಕಾರ್ಡ್ ಮಾಡಿಕೊಂಡದ್ದನ್ನು ಬಿಟ್ಟೆ. ಎರಡೆರಡು ಡ್ರಮ್ಮು, ಒಬ್ಬಳೇ ಹುಡುಗಿಯ ಎರಡು ದನಿ.

ಮೊದಲ ಸಾಲು ಮುಗಿಯುವ ಮೊದಲೇ ಅವನ ಮುಖ ಬಿಳಿಚಿಕೊಂಡಿತು. ಅವನದು ಕಸುಬಿನ ಕಿವಿ. ಏನು ತಪ್ಪಿದೆ ಎಂದು ನಾನು ಹೇಳಬೇಕಾಗಿರಲಿಲ್ಲ.

ಆದರೂ ಹೇಳಿದೆ. ಮೂಲವನ್ನು ಹೊತ್ತಿಸಿದವನು ಪ್ರಿಂಟ್ ಆದದ್ದನ್ನು ಮುಚ್ಚಬೇಕಿತ್ತು. ಇಲ್ಲದಿದ್ದರೆ ಎರಡೂ ಒಟ್ಟಿಗೆ ಹಾಡುತ್ತವೆ. ದಿನಾ ಪ್ರಿಂಟ್ ಮಾಡುವವನಿಗೆ ಇದು ಕೈಗೆ ಹತ್ತಿದ ಅಭ್ಯಾಸ, ನಿದ್ದೆಯಲ್ಲೂ ಮರೆಯುವುದಿಲ್ಲ. ಮರೆಯುವವನು ಎಂಥವನು? ಯಾವತ್ತೂ ಪ್ರಿಂಟ್ ಮಾಡುವ ಗತಿಯೇ ಬಾರದವನು, ಎಂಟು ಚಿಪ್‌ನ ಮುಂದೆ ಕೂತು ಅಭ್ಯಾಸವಾದವನು. ಮ್ಯೊಂಗ್‌ಜಿನ್ ಹೀಗೆಯೇ ಕೆಲಸ ಮಾಡುತ್ತಾನೆ ಎಂದು ಅವನಿಗೆ ಗೊತ್ತಿರಬೇಕು. ಸ್ಟುಡಿಯೋದ ಕೀಲಿ ಬೇರೆ ಇರಬೇಕು.

"ಪೊಲೀಸರ ತಜ್ಞ ಎಣಿಸಿದ, ಹಾಡು ಕೇಳಲಿಲ್ಲ," ಎಂದೆ. "ನೀವೂ ಕೇಳಲಿಲ್ಲ. ಸ್ಪೀಕರ್ ಹಾಕೋಕೆ ಭಯ ಆಯ್ತಾ?"

"ನೀವು ಯಾರು?"

ಹೇಳಿದೆ.

ಬೊಂಗ್ ಎದ್ದು ಅಂಗಡಿಯ ಷಟರನ್ನು ಅರ್ಧಕ್ಕೆ ಇಳಿಸಿದ. ಓಡುತ್ತಾನೇನೋ ಎಂದುಕೊಂಡು ನಾನೂ ಎದ್ದೆ. ಅವನು ವಾಪಸ್ ಬಂದು ಸ್ಟೂಲಿನ ಮೇಲೆ ಕುಸಿದು ಕೂತ.

"ಕೊಂದಿದ್ದು ನಾನಲ್ಲ."

"ಎಲ್ಲರೂ ಹಾಗೇ ಅಂತಾರೆ."

"ಅನ್ಲಿ. ನಾನು ಹೋದಾಗ ತಾಕ್ ಅಣ್ಣ ಆಗ್ಲೇ ಮೆಟ್ಟಿಲ ಕೆಳಗೆ ಬಿದ್ದಿದ್ದ. ಮೂಗಿನ ಹತ್ರ ಕೈ ಇಟ್ಟು ನೋಡ್ದೆ. ಉಸಿರಿರಲಿಲ್ಲ."

ಉಳಿದದ್ದನ್ನು ಅವನು ತಲೆ ಎತ್ತದೆ ಹೇಳಿದ. ಆ ಹಾಡಿನ ರಾಗದಲ್ಲಿ ಅರ್ಧ ಅವನದು. ಶುಕ್ರವಾರ ಬೆಳಿಗ್ಗೆ ತಾಕ್ ಹಾಡಿನಿಂದ ಅವನ ಹೆಸರು ಕಿತ್ತು ಹಾಕಿದ್ದ. ಕೊಂದುಬಿಡುತ್ತೇನೆ ಎಂದು ಇವನು ಫೋನಿನಲ್ಲಿ ಕೂಗಾಡಿದ್ದನ್ನು ಈ ಮಹಡಿಯ ಅರ್ಧ ಅಂಗಡಿಯವರು ಕೇಳಿದ್ದರು. ಮಾತಾಡಿ ಮುಗಿಸೋಣವೆಂದು ಹಿಂಬಾಗಿಲಿಂದ ಹೋದರೆ ಹೆಣ. ಕೀಲಿ ತನ್ನ ಕೈಯಲ್ಲಿ, ಕೊಲ್ಲುತ್ತೇನೆ ಎಂಬ ಮಾತು ತನ್ನ ಬಾಯಲ್ಲಿ. ಇನ್ನೊಬ್ಬ ಅಲ್ಲಿದ್ದ ಎಂದು ತೋರಿಸದಿದ್ದರೆ ತಾನೇ ಸಿಕ್ಕಿಬೀಳುತ್ತೇನೆ. ಮಿಕ್ಸಿಂಗ್ ಕೋಣೆಯ ಕಂಪ್ಯೂಟರಿನಲ್ಲಿ ಮ್ಯೊಂಗ್‌ಜಿನ್‌ನ ಫೈಲು ಆಗಲೇ ಬಂದು ಕೂತಿತ್ತು. ಅದರಲ್ಲಿ ಆರಿಸಿದ್ದನ್ನೆಲ್ಲ ಹೊತ್ತಿಸಿ ಸೇವ್ ಮಾಡಿದ, ದೊಡ್ಡ ಪೆಟ್ಟಿಗೆಯ ಮುಂದೆ ಕೂತಿದ್ದವನು ಮ್ಯೊಂಗ್‌ಜಿನ್ ಎಂದು ಕಾಣಲಿ ಎಂದು.

"ಅವನ ಮೇಲೆ ಏನು ಕೋಪ ನಿಮಗೆ?"

"ಏನೂ ಇಲ್ಲ. ಅವನ ಫೈಲು ಕೈಗೆ ಸಿಕ್ತು."

ಹೊಡೆಯಬೇಕು ಅನ್ನಿಸಿತು. ಹೊಡೆಯುವ ಪುರುಸೊತ್ತು ಇರಲಿಲ್ಲ. ಕೋರ್ಟಿಗೆ ಬಂದು ಇದನ್ನೇ ಹೇಳು, ಇಲ್ಲದಿದ್ದರೆ ಈ ರೆಕಾರ್ಡಿಂಗ್ ಹೇಳುತ್ತದೆ, ಆಗ ನಿನ್ನ ಮಾತು ಕೇಳುವವರು ಯಾರೂ ಇರುವುದಿಲ್ಲ ಎಂದೆ. ನನಗೇ ತಿಳಿಯದೆ ‘ನೀವು’ ಹೋಗಿ ‘ನೀನು’ ಬಂದಿತ್ತು.

"ಬರ್ತೀನಿ," ಎಂದ. "ಆದ್ರೆ ಬಂದ್ರೆ ಇನ್ನೊಂದನ್ನೂ ಹೇಳ್ತೀನಿ. ಅಲ್ಲಿ ಇನ್ಯಾರೋ ಇದ್ರು."

"ಯಾರು?"

"ನೋಡಲಿಲ್ಲ. ನಾನು ಒಳಗೆ ಹೋಗೋವಾಗ ಊಟದ ಮೇಜಿನ ಮೇಲೆ ಎರಡು ಬಟ್ಟಲು ಅನ್ನ, ಅರ್ಧ ತಿಂದಿದ್ದು. ಮಧ್ಯದಲ್ಲಿ ಒಂದು ಡಬ್ಬಿ. ಮಿಕ್ಸಿಂಗ್ ಕೋಣೆ ಬಾಗಿಲು ಹಾಕ್ಕೊಂಡು ಕೆಲಸ ಮುಗಿಸಿ ಹೊರಗೆ ಬಂದ್ರೆ ಮೇಜು ಖಾಲಿ. ಒರೆಸಿಟ್ಟಿತ್ತು. ಆ ಕೋಣೆಗೆ ಹೊರಗಿನ ಸದ್ದು ಒಂದು ಚೂರೂ ಬರಲ್ಲ. ನಾನು ಒಳಗೆ ಕೂತಿದ್ದಷ್ಟು ಹೊತ್ತೂ ಯಾರೋ ಹೊರಗೆ ಬಟ್ಟಲು ತೊಳೀತಿದ್ರು."

ಎದುರಂಗಡಿಯ ಗಿಟಾರು ನಿಂತಿತ್ತು.

ಗುಕ್‌ಗೆ ಫೋನ್ ಮಾಡಿದೆ. ಒಬ್ಬ ಸಾಕ್ಷಿಯನ್ನು ತರುತ್ತಿದ್ದೇನೆ, ಹೇಗಾದರೂ ಜಡ್ಜ್ ಮುಂದೆ ನಿಲ್ಲಿಸು ಎಂದೆ. ಅವನು ಕೇಳಿದ ಪ್ರಶ್ನೆಗಳಿಗೆ ಉತ್ತರಿಸದೆ ಫೋನ್ ಇಟ್ಟು, ಬಾಡಿಗೆ ಕಂಪ್ಯೂಟರು ಇದೆಯೇ ಎಂದು ನೋಡಲು ಚೀಲ ತೆರೆದೆ. ಸುನ್‌ಡಕ್‌ಳ ಡಬ್ಬಿ ಅಡ್ಡ ಬಂತು. ತೆಗೆದು ಗಾಜಿನ ಮೇಲೆ, ಎರಡು ಪೆಟ್ಟಿಗೆಗಳ ಪಕ್ಕ ಇಟ್ಟೆ.

ಬೊಂಗ್ ಜಾಕೆಟ್ಟಿನ ಒಂದು ತೋಳು ಹಾಕಿಕೊಂಡವನು ಹಾಗೇ ನಿಂತ.

"ಇದು ನಿಮ್ಮ ಹತ್ರ ಹೇಗೆ ಬಂತು?"

ಮುಚ್ಚಳದ ಮೇಲೆ ಬಿಳಿ ಟೇಪಿನ ತುಂಡು ಅಂಟಿಸಿತ್ತು. ಯಾವ ಗುಂಡಿ ಯಾವ ವಾದ್ಯದ್ದು ಎಂದು ಬರೆಯಲು ಮಿಕ್ಸಿಂಗ್ ಮಾಡುವವರು ತಮ್ಮ ಯಂತ್ರಕ್ಕೆ ಅಂಟಿಸುವ ಟೇಪು. ಬೆಳಿಗ್ಗೆ ನಾನು ಅದನ್ನು ನೋಡಿರಲಿಲ್ಲ. ನೋಡಿದ್ದರೂ ಓದಿರಲಿಲ್ಲ.

"ತಾಕ್ ಅಣ್ಣನ ಅಕ್ಷರ," ಎಂದ ಬೊಂಗ್. "ಅವನಿಗೆ ಅದೊಂದು ಹುಚ್ಚು. ತಿನ್ನೋದು ಏನೇ ಬರ್ಲಿ, ಬಂದ ತಕ್ಷಣ ದಿನ ಬರೆದು ಅಂಟಿಸ್ತಿದ್ದ. ದಿನ ಗೊತ್ತಿಲ್ಲದ್ದನ್ನ ಮುಟ್ತಿರಲಿಲ್ಲ. ಮೇಜಿನ ಮೇಲಿದ್ದ ಡಬ್ಬಿ ಇದೇ."

ಓದಿದೆ. ಶುಕ್ರವಾರ, ತಾವರೆ ಬೇರು.

ಶುಕ್ರವಾರ ಸಂಜೆಯೇ ಪೊಲೀಸರು ಸ್ಟುಡಿಯೋಗೆ ಬೀಗ ಜಡಿದಿದ್ದರು. ಡಬ್ಬಿ ಶುಕ್ರವಾರ ಒಳಗೆ ಹೋಗಿ ಶುಕ್ರವಾರವೇ ಹೊರಗೆ ಬಂದಿತ್ತು. ಮಂಗಳವಾರದ ನಂತರ ಅತ್ತ ತಲೆ ಹಾಕಿಲ್ಲ ಎಂದವಳ ಕೈಯಿಂದ ಅದು ನನ್ನ ಚೀಲಕ್ಕೆ ಬಂದಿತ್ತು.

ಫೋನ್ ರಿಂಗಾಯಿತು. ಸುನ್‌ಡಕ್.

"ಊಟ ಆಯ್ತಾ?" ಎಂದಳು. ಹಿಂದೆ ಕೋರ್ಟಿನ ಪಡಸಾಲೆಯ ಗದ್ದಲ.

"ಇನ್ನೂ ಇಲ್ಲ."

"ಏನಾದ್ರೂ ಸಿಕ್ತಾ?"

ನಾನು ಟೇಪನ್ನೇ ಇನ್ನೊಮ್ಮೆ ಓದುತ್ತಿದ್ದೆ. ಸಿಕ್ಕಿಲ್ಲ ಎಂದು ಅವಳು ಅರ್ಥ ಮಾಡಿಕೊಂಡಳು.

"ಹೋಗ್ಲಿ ಬಿಡಿ," ಎಂದಳು. "ಡಬ್ಬಿ ನಿಮ್ಮ ಹತ್ರಾನೇ ಇದೆ ತಾನೆ? ಅದರ ಮೇಲಿನ ಟೇಪು ಮಾತ್ರ ಕೀಳಬೇಡಿ. ಹ್ಯಾಗಿದೆಯೋ ಹಾಗೇ ತಂದು ಜಡ್ಜ್ ಮುಂದೆ ಇಡಿ. ಅವತ್ತು ತಾಕ್ ಜೊತೆ ಊಟಕ್ಕೆ ಕೂತಿದ್ದು ನಾನು. ತಳ್ಳಿದ್ದೂ ನಾನು. ನನ್ನ ತಮ್ಮನಿಗೆ ಏನೂ ಗೊತ್ತಿಲ್ಲ."

"ಅಕ್ಕ, ಕೇಳಿ ಇಲ್ಲಿ."

ಅವಳು ಫೋನ್ ಇಟ್ಟಿದ್ದಳು. ವಾಪಸ್ ಮಾಡಿದರೆ ಎತ್ತಲಿಲ್ಲ.

ಸ್ಪೀಕರಿನಲ್ಲಿ ಇರದಿದ್ದರೂ ಬೊಂಗ್‌ಗೆ ಎಲ್ಲ ಕೇಳಿಸಿತ್ತು. ಅವನು ಜಾಕೆಟ್ಟಿನ ಇನ್ನೊಂದು ತೋಳು ಹಾಕಿಕೊಂಡು, ಆ ಅಂಗಡಿಯಾಕೆ ಸ್ಟುಡಿಯೋಗೆ ಬಂದಾಗ ತಾನು ಎಷ್ಟೋ ಸಲ ಜೊತೆಗೆ ಉಂಡಿದ್ದೇನೆ ಎಂದ. ಬಲಗೈಯಲ್ಲೇ ತಿನ್ನುತ್ತಾಳಲ್ಲವೇ ಎಂದು ಕೇಳಿದ.

"ಅದಕ್ಕೇನೀಗ?"

"ಆ ಮೇಜಿನ ಮೇಲೆ ಎರಡನೇ ಬಟ್ಟಲಿಗೆ ಚಮಚ, ಊಟದ ಕಡ್ಡಿ ಎರಡೂ ಎಡಗಡೆ ಇದ್ವು. ಹೆಣ ನೋಡಿ ಬಂದಿದ್ರೂ ಅದು ಕಣ್ಣಿಗೆ ಬಿತ್ತು. ಚಿಕ್ಕಂದಿನಲ್ಲಿ ಹಾಗೆ ಇಟ್ರೆ ನಮ್ಮಮ್ಮ ಕೈ ಮೇಲೆ ಬಾರಿಸ್ತಿದ್ಲು."

ಬೆಳಿಗ್ಗೆ ಎಡಗಡೆಯಿಂದ ಬಲಗಡೆಗೆ ಎಳೆದಿಟ್ಟುಕೊಂಡ ಮೌಸ್ ನೆನಪಾಯಿತು. ಮನೇಲಿ ಅವನೊಬ್ಬನೇ, ಎಂದಿದ್ದಳು.

ಮ್ಯೊಂಗ್‌ಜಿನ್ ಹಾಡನ್ನು ಚಿಕ್ಕ ಪೆಟ್ಟಿಗೆಯಲ್ಲಿ ಮುಗಿಸಿದ ಮಾತು ನಿಜ. ಮುಗಿಸಿ ಫೋಲ್ಡರಿಗೆ ಹಾಕಿದ ಮೇಲೆ, ಅಕ್ಕ ಕೊಟ್ಟ ಡಬ್ಬಿ ಹಿಡಿದು ಅವನು ಎಲ್ಲಿಗೆ ಹೋದ ಎಂದು ಅವನನ್ನು ಯಾರೂ ಕೇಳಿರಲಿಲ್ಲ. ನಾನೂ ಕೇಳಿರಲಿಲ್ಲ.

ಬೊಂಗ್ ಷಟರ್ ಎತ್ತಿ ಹಿಡಿದು ನನಗಾಗಿ ಕಾದು ನಿಂತ.

"ಹೊರಡೋಣ, ಹೊತ್ತಾಯ್ತು," ಎಂದ. "ಜಡ್ಜ್ ಕೇಳಿದ್ರೆ ಕಡ್ಡಿ ಯಾವ ಕಡೆ ಇದ್ವು ಅಂತ ಹೇಳ್ಲಿ? ನೀವೇ ಹೇಳಿ."